ಕೊಳ್ಳೇಗಾಲದ ಗೂಡು, ಆಕಾಶದ ಗೂಡು

ಬೆಂಗಳೂರಿನಿಂದ ಕನಕಪುರ, ಮಳವಳ್ಳಿಗಳ ಮಾರ್ಗವಾಗಿ ದಕ್ಷಿಣಕ್ಕೆ ಹೊರಟ ಪ್ರಯಾಣಿಕನು ಕಾವೇರಿಯನ್ನು ದಾಟಿದೊಡನೆಯೇ ಸೀಮೆ ಬದಲಾಯಿಸಿದ್ದನ್ನು ಕಾಣುತ್ತಾನೆ. ಬತ್ತದ ಗದ್ದೆಗಳು ಹಿಂದಕ್ಕೆ ಸರಿದು ಕೆಂಪು ನೆಲವೂ, ಹಿಪ್ಪುನೇರಳೆಯ ತೋಟಗಳೂ, ಅವುಗಳಾಚೆ ದಿಗಂತವನ್ನೆಲ್ಲ ಆವರಿಸಿ ನಿಂತ ನೀಲಿ ಬೆಟ್ಟಗಳ ಸಾಲೂ ಎದುರಾಗುತ್ತವೆ. ಇದು ಕೊಳ್ಳೇಗಾಲದ ಸೀಮೆ. 1956ರ ನವೆಂಬರ್ 1ರವರೆಗೆ ಇದು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಭಾಷಾವಾರು ಪ್ರಾಂತಗಳ ರಚನೆಯಾದಾಗ ಕನ್ನಡದ ಈ ತಾಲ್ಲೂಕು ಮೈಸೂರು ರಾಜ್ಯಕ್ಕೆ ಬಂದು ಸೇರಿತು. 1997ರಲ್ಲಿ ಚಾಮರಾಜನಗರ ಜಿಲ್ಲೆ ರೂಪುಗೊಂಡಾಗ ನೆರೆಯ ಯಳಂದೂರಿನೊಡನೆ ಅದರ ಭಾಗವಾಯಿತು. ಕೊಳ್ಳೇಗಾಲದ ಮಡಿಲಿನಲ್ಲಿದ್ದ ಹನೂರು ಈಚಿನ ವರ್ಷಗಳಲ್ಲಿ ತಾನೂ ಒಂದು ತಾಲ್ಲೂಕಾಗಿದೆ.

ಈ ಮೂರು ತಾಲ್ಲೂಕುಗಳಿಗೆ ಬರುವವರು ಸಾಮಾನ್ಯವಾಗಿ ಎರಡು ಬೆಟ್ಟಗಳಿಗಾಗಿ ಬರುತ್ತಾರೆ. ಒಂದು ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಮಲೆಮಹದೇಶ್ವರನ ಬೆಟ್ಟ. ದೇವರ ದರ್ಶನ ಮಾಡಿಕೊಂಡು, ಜಲಪಾತ ನೋಡಿಕೊಂಡು, ಅನುಕೂಲವಿದ್ದವರು ಒಂದು ರೇಷ್ಮೆ ಸೀರೆಯನ್ನೂ ಕೊಂಡುಕೊಂಡು ಹಿಂದಿರುಗುತ್ತಾರೆ. ಆದರೆ ಇಲ್ಲಿ ನೋಡತಕ್ಕ ಇನ್ನೊಂದು ವಸ್ತುವುಂಟು. ಅದು ಹೊತ್ತು ಮುಳುಗಿದ ಮೇಲೆ ಮಾತ್ರ ಕಾಣುತ್ತದೆ. ನಗರದ ಆಕಾಶದಲ್ಲಿ ಈಗ ಬೆರಳೆಣಿಕೆಯಷ್ಟು ನಕ್ಷತ್ರಗಳು ಉಳಿದಿವೆ. ಈ ಬೆಟ್ಟಗಳ ನಡುವೆ ಇನ್ನೂ ಕತ್ತಲೆ ಇದೆ. ಆ ಕತ್ತಲೆಯಲ್ಲಿ ಒಂದು ಸಣ್ಣ ದೂರದರ್ಶಕವನ್ನು ಹೂಡಿದರೆ, ಮುಪ್ಪಿನ ನಕ್ಷತ್ರಗಳು ತಮ್ಮ ಸುತ್ತ ಹೆಣೆದುಕೊಂಡ ಮಂಜಿನ ಗೂಡುಗಳನ್ನು ಕಾಣಬಹುದು. ಖಗೋಳಶಾಸ್ತ್ರದಲ್ಲಿ ಇವಕ್ಕೆ ಗ್ರಹೀಯ ನೀಹಾರಿಕೆಗಳೆಂದು ಹೆಸರು. ಇವು ಹೇಗೆ ಹುಟ್ಟುತ್ತವೆ, ಹೇಗೆ ಹಿಗ್ಗುತ್ತವೆ, ಉಂಗುರ, ಮೊಟ್ಟೆ, ಚಿಟ್ಟೆ ಮೊದಲಾದ ಬಗೆಬಗೆಯ ಆಕಾರಗಳನ್ನು ಏಕೆ ತಾಳುತ್ತವೆ ಎಂಬುದನ್ನು ತಿಳಿಯಲು ಈ ಸೀಮೆಗಿಂತ ಒಳ್ಳೆಯ ಪಾಠಶಾಲೆ ಸಿಕ್ಕದು. ಪಾಠಕ್ಕೆ ಬೇಕಾದ ಸಾಮಗ್ರಿಯೆಲ್ಲ ದಾರಿಯ ಎರಡೂ ಬದಿಯಲ್ಲಿ ಹರಡಿಕೊಂಡಿದೆ.

ಹುಳುಮನೆಯಲ್ಲಿ

ಮೊದಲ ಪಾಠ ಕೊಳ್ಳೇಗಾಲದ ಸುತ್ತಿನ ಹಳ್ಳಿಗಳ ಹುಳುಮನೆಗಳಲ್ಲಿದೆ. ರೇಷ್ಮೆ ಹುಳು ಸುಮಾರು 25 ದಿನಗಳ ಕಾಲ ತಿನ್ನುವುದೊಂದನ್ನೇ ಕೆಲಸ ಮಾಡಿಕೊಂಡಿರುತ್ತದೆ. ಮೊಟ್ಟೆಯೊಡೆದು ಬಂದಾಗ ಇರುವೆಯಷ್ಟಿದ್ದುದು ಅಷ್ಟರಲ್ಲಿ ಹತ್ತು ಸಾವಿರ ಪಟ್ಟು ತೂಕವನ್ನು ಗಳಿಸುತ್ತದೆ. ನಡುವೆ ನಾಲ್ಕು ಸಲ ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿ ನಿಶ್ಚಲವಾಗಿದ್ದು, ಪೊರೆ ಕಳಚುತ್ತದೆ. ಇದನ್ನು ನಮ್ಮ ರೈತರು ಜ್ವರವೆನ್ನುತ್ತಾರೆ: ಒಂದನೆಯ ಜ್ವರ, ಎರಡನೆಯ ಜ್ವರ, ಹೀಗೆ. ನಾಲ್ಕನೆಯ ಜ್ವರವೆದ್ದ ಮೇಲೆ ಕೆಲವು ದಿನ ಅದರ ಹಸಿವೆಗೆ ಮಿತಿಯೇ ಇರದು. ರಾತ್ರಿಯ ಮೌನದಲ್ಲಿ ಹುಳುಮನೆಯ ಹೊರಗೆ ನಿಂತರೆ ಎಲೆ ತಿನ್ನುವ ಸದ್ದು ಜಡಿಮಳೆಯಂತೆ ಕೇಳಿಸುತ್ತದೆ. ಆಮೇಲೆ ಒಂದು ದಿನ ಹುಳು ಸೊಪ್ಪನ್ನು ಮುಟ್ಟುವುದಿಲ್ಲ. ಮೈ ತುಸು ಪಾರದರ್ಶಕವಾಗುತ್ತದೆ. ಹುಳು ಹಣ್ಣಾಯಿತು ಎಂದು ಮನೆಯವರು ಅದನ್ನು ಆಯ್ದು ಚಂದ್ರಿಕೆಗೆ ಬಿಡುತ್ತಾರೆ.

ಬಿದಿರಿನಿಂದ ಸುರುಳಿಸುರುಳಿಯಾಗಿ ಹೆಣೆದ ಆ ಚಂದ್ರಿಕೆಯ ಮೇಲೆ ನಡೆಯುವುದನ್ನು ನಿಧಾನವಾಗಿ ನೋಡಬೇಕು. ಹುಳು ತಲೆಯನ್ನು ಅತ್ತಿತ್ತ ಆಡಿಸುತ್ತ ಎಂಟರ ಅಂಕೆಯಂತೆ ನೂಲನ್ನು ಸುತ್ತುತ್ತದೆ. ಮೊದಲು ಬಿಟ್ಟ ನೂಲು ಹೊರಗಿನ ಸಡಿಲವಾದ ಪದರ. ಆಮೇಲೆ ಬಿಟ್ಟದ್ದು ಒಳಗಿನ ಬಿಗಿಯಾದ ಗೋಡೆ. ಎರಡು ಮೂರು ದಿನಗಳಲ್ಲಿ ಗೂಡು ಮುಗಿಯುತ್ತದೆ. ತಳಿಯನ್ನನುಸರಿಸಿ ಗೂಡಿನ ಆಕಾರವೂ ಬೇರೆ: ಕೆಲವು ಮೊಟ್ಟೆಯಂತೆ ನುಣ್ಣಗೆ, ಕೆಲವು ನಡುವೆ ಸೊಂಟ ಹಿಡಿದಂತೆ, ನಮ್ಮ ಮೈಸೂರು ತಳಿಯದು ತುದಿ ಚೂಪಾಗಿ, ಹಸುರು ಬೆರೆತ ಹಳದಿ ಬಣ್ಣದ್ದು.

ಸೂರ್ಯನಂತಹ ನಕ್ಷತ್ರದ ಕಥೆಯೂ ಬಹುಮಟ್ಟಿಗೆ ಹೀಗೆಯೇ ನಡೆಯುತ್ತದೆ. ಅದು ತನ್ನ ಒಡಲಿನ ಜಲಜನಕವನ್ನು ಹೀಲಿಯಮ್ ಆಗಿ ಮಾರ್ಪಡಿಸುತ್ತ ನೂರಾರು ಕೋಟಿ ವರ್ಷ ಬಾಳುತ್ತದೆ. ಗರ್ಭದಲ್ಲಿನ ಜಲಜನಕ ತೀರಿದಾಗ ಹೊರಮೈ ಹಿಗ್ಗಿ, ತಣ್ಣಗಾಗಿ, ಕೆಂಪೇರಿ ಕೆಂಪು ದೈತ್ಯನಾಗುತ್ತದೆ. ಹಣ್ಣಾದ ಈ ಸ್ಥಿತಿಯ ಕೊನೆಯ ಭಾಗದಲ್ಲಿ ನಕ್ಷತ್ರಕ್ಕೂ ಜ್ವರಗಳು ಬರುತ್ತವೆ. ಹತ್ತಾರು ಸಾವಿರ ವರ್ಷಗಳಿಗೊಮ್ಮೆ ಅದರೊಳಗಿನ ಹೀಲಿಯಮ್ ಪದರವು ಒಮ್ಮೆಲೆ ಹೊತ್ತಿಕೊಂಡು ಇಡೀ ಒಡಲನ್ನು ನಡುಗಿಸುತ್ತದೆ. ಹೊರಮೈಯ ತಂಪಿನಲ್ಲಿ ಮಸಿಯಂತಹ, ಮರಳಿನಂತಹ ಅತಿ ಸೂಕ್ಷ್ಮ ಧೂಳು ಕಟ್ಟುತ್ತದೆ; ನಕ್ಷತ್ರದ ಬೆಳಕೇ ಆ ಧೂಳನ್ನು ಹೊರಕ್ಕೆ ನೂಕುತ್ತದೆ, ಧೂಳು ಅನಿಲವನ್ನು ತನ್ನೊಡನೆ ಎಳೆದೊಯ್ಯುತ್ತದೆ. ಹೀಗೆ ಸೆಕೆಂಡಿಗೆ ಸುಮಾರು 10 ಕಿಲೋಮೀಟರ್ ವೇಗದ ಒಂದು ಮಂದಮಾರುತ ಎಲ್ಲ ಕಡೆಗೂ ಬೀಸತೊಡಗುತ್ತದೆ. ಭೂಮಿಯ ಲೆಕ್ಕದಲ್ಲಿ ಇದು ಭಯಂಕರ ವೇಗ. ನಕ್ಷತ್ರಗಳ ಲೆಕ್ಕದಲ್ಲಿ ಆಮೆಯ ನಡಿಗೆ. ಆದರೂ ಇದರ ಭರಾಟೆ ಹೆಚ್ಚಾದಾಗ ಒಂದು ಲಕ್ಷ ವರ್ಷಗಳಲ್ಲಿ ಒಬ್ಬ ಸೂರ್ಯನ ತೂಕದಷ್ಟು ದ್ರವ್ಯ ಹೊರಟುಹೋಗಬಲ್ಲದು. ಇಲ್ಲಿಯೂ ಮೊದಲು ಬಿಟ್ಟದ್ದೇ ಎಲ್ಲಕ್ಕಿಂತ ಹೊರಗಿನ ಪದರ. ಬೆಕ್ಕಿನ ಕಣ್ಣು ಎಂದು ಹೆಸರಾದ ನೀಹಾರಿಕೆಯ ಹೊರಭಾಗದಲ್ಲಿ, ಸುಮಾರು 1,500 ವರ್ಷಗಳಿಗೊಮ್ಮೆ ಬಿಟ್ಟ ಹನ್ನೊಂದಕ್ಕೆ ಕಡಮೆಯಿಲ್ಲದ ಪದರಗಳನ್ನು ಹಬಲ್ ದೂರದರ್ಶಕವು ಒಂದರೊಳಗೊಂದಾಗಿ ತೋರಿಸಿಕೊಟ್ಟಿದೆ.

ಹೆಸರಿನ ಗೊಂದಲ

ಗ್ರಹಗಳಿಗೂ ಇವಕ್ಕೂ ಯಾವ ನಂಟೂ ಇಲ್ಲ. ಹಾಗಿದ್ದು ಗ್ರಹೀಯವೆಂಬ ಹೆಸರು ಬಂದುದಕ್ಕೆ ಹಳೆಯ ದೂರದರ್ಶಕಗಳೇ ಕಾರಣ. 1764ರಲ್ಲಿ ಫ್ರಾನ್ಸಿನ ಚಾರ್ಲ್ಸ್ ಮೆಸ್ಸಿಯೇ ಇಂತಹ ಮೊದಲನೆಯ ವಸ್ತುವನ್ನು ಕಂಡನು. ವ್ಯಾಯಾಮದ ಡಂಬೆಲಿನಂತೆ ಎರಡು ಗುಂಡು ಕೂಡಿದ ಹಾಗೆ ಕಾಣುವ ಅದಕ್ಕೆ ಮುಂದೆ ಡಂಬೆಲ್ ನೀಹಾರಿಕೆ ಎಂದೇ ಹೆಸರಾಯಿತು. 1779ರಲ್ಲಿ ಆಂಟ್ವಾನ್ ದಾರ್ಕಿಯೇ ಉಂಗುರ ನೀಹಾರಿಕೆಯನ್ನು ಕಂಡನು. 1780ರ ದಶಕದಲ್ಲಿ ವಿಲಿಯಮ್ ಹರ್ಷೆಲನು ತಾನು ಆಗಷ್ಟೇ ಕಂಡುಹಿಡಿದಿದ್ದ ಯುರೇನಸ್ ಗ್ರಹದ ಮಂಕುಬಿಲ್ಲೆಯಂತೆ ಇವು ತೋರುತ್ತವೆಂದು ಈ ಹೆಸರನ್ನಿಟ್ಟನು. ಹೋಲಿಕೆ ಮರೆತುಹೋಯಿತು, ಹೆಸರು ನಿಂತಿತು.

ಇವು ನಕ್ಷತ್ರಗಳ ಗುಂಪುಗಳೋ, ಅನಿಲವೋ ಎಂಬ ಸಂದೇಹವನ್ನು 1864ರಲ್ಲಿ ಇಂಗ್ಲೆಂಡಿನ ವಿಲಿಯಮ್ ಹಗಿನ್ಸ್ ಬಗೆಹರಿಸಿದನು. ಬೆಕ್ಕಿನ ಕಣ್ಣಿನ ಬೆಳಕನ್ನು ಅವನು ವರ್ಣಪಟಲವಾಗಿ ಬಿಡಿಸಿದಾಗ ಕಾಮನಬಿಲ್ಲಿನ ಬದಲು ಕೆಲವೇ ಒಂಟಿ ಗೆರೆಗಳು ಕಂಡವು. ಅಲ್ಲಿಗೆ ಇವು ಬಿಸಿ ಅನಿಲವೆಂಬುದು ನಿಶ್ಚಯವಾಯಿತು. ಆದರೆ ಅತ್ಯಂತ ಪ್ರಕಾಶಮಾನವಾದ ಹಸುರು ಗೆರೆಗಳು ಭೂಮಿಯಲ್ಲಿ ತಿಳಿದಿದ್ದ ಯಾವ ಧಾತುವಿಗೂ ಹೊಂದಲಿಲ್ಲ. ನೆಬ್ಯೂಲಿಯಮ್ ಎಂಬ ಹೊಸ ಧಾತುವಿನ ಕಲ್ಪನೆಯೇ ಹುಟ್ಟಿತು. ಅರುವತ್ತು ವರ್ಷಗಳ ಮೇಲೆ, 1927ರಲ್ಲಿ, ಅಮೆರಿಕದ ಐರಾ ಬೋವೆನ್ ಗುಟ್ಟನ್ನು ಬಿಡಿಸಿದನು: ಅದು ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಆಮ್ಲಜನಕ, ನಾವು ಉಸಿರಾಡುವ ಅದೇ ಆಮ್ಲಜನಕ. ನೀಹಾರಿಕೆಯ ಅನಿಲವು ಎಷ್ಟು ವಿರಳವೆಂದರೆ, ಅಲ್ಲಿನ ಪರಮಾಣುಗಳು ಒಂದನ್ನೊಂದು ತಾಕದೆ ಬಹಳ ಹೊತ್ತು ಇರಬಲ್ಲವು. ಆದುದರಿಂದ ಸಾಮಾನ್ಯವಾದ ಗಾಳಿಯಲ್ಲಿ ಎಂದೂ ಹೊಮ್ಮದ ಬೆಳಕು ಅಲ್ಲಿ ಹೊಮ್ಮುತ್ತದೆ. ಮೈಸೂರು ತಳಿಯ ಗೂಡಿನ ಹಸುರು ಛಾಯೆಗೂ ಈ ಹಸುರಿಗೂ ಕಾರಣ ಬೇರೆಬೇರೆ; ಆದರೂ ದೂರದರ್ಶಕದಲ್ಲಿ ಮೊದಲ ಸಲ ನೋಡಿದವರಿಗೆ ಚಂದ್ರಿಕೆಯ ನೆನಪಾದರೆ ಆಶ್ಚರ್ಯವಿಲ್ಲ.

ಭರಚುಕ್ಕಿಯ ಬಂಡೆಗಳ ಮುಂದೆ

ಎರಡನೆಯ ಪಾಠಕ್ಕಾಗಿ ಕೊಳ್ಳೇಗಾಲದಿಂದ ಮತ್ತೆ ಕಾವೇರಿಯ ಕಡೆಗೆ ತಿರುಗಬೇಕು. ಶಿವನಸಮುದ್ರದಲ್ಲಿ ಹೊಳೆ ಒಂದು ದ್ವೀಪವನ್ನು ಎದುರಿಸಿ ಎರಡು ಕವಲಾಗುತ್ತದೆ. ಒಂದು ಗಗನಚುಕ್ಕಿಯಾಗಿಯೂ ಇನ್ನೊಂದು ಭರಚುಕ್ಕಿಯಾಗಿಯೂ ಕಮರಿಗೆ ಧುಮುಕುತ್ತದೆ. 1902ರಲ್ಲಿ ಇಲ್ಲಿಂದಲೇ ವಿದ್ಯುಚ್ಛಕ್ತಿಯು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತೆಂಬುದು ನಾಡಿನ ಮಕ್ಕಳೆಲ್ಲರೂ ಓದಿರುವ ಸಂಗತಿ. ಮಳೆಗಾಲದಲ್ಲಿ ಇಲ್ಲಿ ನಿಂತರೆ ಮಾತು ಕೇಳಿಸದು. ಆ ಆರ್ಭಟದ ನಡುವೆ ಒಂದು ಸರಳವಾದ ಸಂಗತಿಯನ್ನು ಗಮನಿಸಬೇಕು: ರಭಸದಿಂದ ಬಂದ ನೀರಿನ ಆಕಾರವನ್ನು ನೀರು ತಾನಾಗಿ ನಿರ್ಧರಿಸಲಿಲ್ಲ. ಮೊದಲೇ ಅಲ್ಲಿದ್ದ ಬಂಡೆ ನಿರ್ಧರಿಸಿತು.

ಗ್ರಹೀಯ ನೀಹಾರಿಕೆಗಳ ಆಕಾರದ ರಹಸ್ಯವೂ ಇದೇ. ಬಹಳ ಕಾಲದವರೆಗೆ, ನಕ್ಷತ್ರವು ತನ್ನ ಹೊರಮೈಯನ್ನು ಒಮ್ಮೆ ಊದಿ ಕಳುಹಿಸುತ್ತದೆ, ಅದೇ ನೀಹಾರಿಕೆ ಎಂದು ಭಾವಿಸಲಾಗಿತ್ತು. 1978ರಲ್ಲಿ ಸುನ್ ಕ್ವೋಕ್, ಪರ್ಟನ್, ಫಿಟ್ಸ್‌ಜೆರಾಲ್ಡ್ ಎಂಬ ಮೂವರು ವಿಜ್ಞಾನಿಗಳು ಬೇರೊಂದು ವಿವರಣೆಯನ್ನು ಕೊಟ್ಟರು. ಮಂದಮಾರುತವು ಹೊರಪದರವನ್ನೆಲ್ಲ ಹೊತ್ತೊಯ್ದ ಮೇಲೆ ನಕ್ಷತ್ರದ ಬರಿಯ ತಿರುಳು ಉಳಿಯುತ್ತದೆ. ಅದು ಕುಗ್ಗುತ್ತ ಬಿಸಿಯೇರುತ್ತದೆ. ಆಗ ಅದರಿಂದ ಎರಡನೆಯ ಮಾರುತವೊಂದು ಏಳುತ್ತದೆ. ಇದು ತೆಳು, ಆದರೆ ಸೆಕೆಂಡಿಗೆ ಸಾವಿರ ಕಿಲೋಮೀಟರಿಗೂ ಹೆಚ್ಚು ವೇಗ. ಹಿಂದೆ ಹೊರಟು ಮುಂದೆ ತೆವಳುತ್ತಿರುವ ಮಂದಮಾರುತವನ್ನು ಈ ವೇಗದ ಮಾರುತವು ಬೆನ್ನಟ್ಟಿ ಹಿಡಿಯುತ್ತದೆ. ಕಣದಲ್ಲಿ ಹರಡಿದ ರಾಗಿಯನ್ನು ಪೊರಕೆಯಿಂದ ಗುಡಿಸಿದಾಗ ಪೊರಕೆಯ ಮುಂದೆ ರಾಶಿ ಕಟ್ಟಿಕೊಳ್ಳುವುದಿಲ್ಲವೆ? ಹಾಗೆಯೇ ಹಳೆಯ ಅನಿಲವು ಹೊಸ ಗಾಳಿಯ ಮುಂದೆ ಒತ್ತೊತ್ತಾಗಿ ಸೇರಿ ಹೊಳೆಯುವ ಚಿಪ್ಪಾಗುತ್ತದೆ. ಒಳಗೆಲ್ಲ ಪೊಳ್ಳು, ಅಂಚಿನಲ್ಲಿ ದಪ್ಪ.

ಹಳೆಯ ಅನಿಲವು ಎಲ್ಲ ಕಡೆಯಲ್ಲಿಯೂ ಸಮನಾಗಿದ್ದರೆ ಚಿಪ್ಪು ಗುಂಡಗಾಗುತ್ತದೆ. ನಡುವಿನಲ್ಲಿ ದಟ್ಟವಾದ ಪಟ್ಟಿಯಿದ್ದರೆ ಗಾಳಿಗೆ ಆ ಕಡೆ ದಾರಿಯಿಲ್ಲ; ದ್ವೀಪಕ್ಕೆ ಅಡ್ಡಬಂದ ಕಾವೇರಿಯಂತೆ ಅದು ಎರಡು ಕಡೆಗೆ ನುಗ್ಗುತ್ತದೆ. ಸೊಂಟ ಬಿಗಿದು ಎರಡು ರೆಕ್ಕೆ ಬಿಚ್ಚಿದ ಚಿಟ್ಟೆಯ ಆಕಾರ ಹೀಗೆ ಹುಟ್ಟುತ್ತದೆ. ಗ್ರಹೀಯ ನೀಹಾರಿಕೆಗಳಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ಗುಂಡಗಿಲ್ಲ. ಆ ದಟ್ಟಪಟ್ಟಿಯನ್ನು ಕಟ್ಟಿದವರಾರು ಎಂಬ ಪ್ರಶ್ನೆಗೆ ಇಂದು ವಿಜ್ಞಾನಿಗಳು ಕೊಡುವ ಮುಖ್ಯ ಉತ್ತರವೆಂದರೆ ಸಂಗಾತಿ. ಅನೇಕ ನಕ್ಷತ್ರಗಳು ಜೋಡಿಯಾಗಿ ಬಾಳುತ್ತವೆ. ಒಂದು ಹಿಗ್ಗಿ ದೈತ್ಯನಾದಾಗ ಅದರ ಸುತ್ತ ತಿರುಗುವ ಇನ್ನೊಂದು, ಮಜ್ಜಿಗೆಯಲ್ಲಿ ತಿರುಗುವ ಕಡೆಗೋಲಿನಂತೆ ಆ ಅನಿಲವನ್ನು ಕಲಕಿ ತಾನು ತಿರುಗುವ ಮಟ್ಟದಲ್ಲಿಯೇ ಹೆಚ್ಚಾಗಿ ಚೆಲ್ಲುತ್ತದೆ. 2022ರ ಜುಲೈನಲ್ಲಿ ಜೇಮ್ಸ್ ವೆಬ್ ದೂರದರ್ಶಕದ ಮೊತ್ತಮೊದಲ ಚಿತ್ರಗಳಲ್ಲಿ ದಕ್ಷಿಣದ ಉಂಗುರ ನೀಹಾರಿಕೆಯದೂ ಒಂದು ಇತ್ತು. ಅದನ್ನು ಪರಿಶೀಲಿಸಿದವರು ಅಲ್ಲಿ ಕಣ್ಣಿಗೆ ಕಾಣುವ ಜೋಡಿಯಲ್ಲದೆ ಮತ್ತೂ ಸಂಗಾತಿಗಳು ಇದ್ದಿರಬೇಕೆಂದು, ಕೇವಲ ಅನಿಲದ ಆಕಾರದಿಂದಲೇ ಊಹಿಸಿದರು. ಮನೆಯವರು ಹೊರಟುಹೋದ ಮೇಲೂ ಅಂಗಳದ ಹೆಜ್ಜೆಗುರುತು ನೋಡಿ ಎಷ್ಟು ಜನ ಬಂದಿದ್ದರೆಂದು ಹೇಳಿದಂತೆ.

ಯಳಂದೂರಿನ ಬಳೆ

ಕೊಳ್ಳೇಗಾಲದಿಂದ ಪಶ್ಚಿಮಕ್ಕೆ ಯಳಂದೂರು ಹತ್ತಿರ. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಡಲ್ಪಟ್ಟ ಊರಿದು. ಇಲ್ಲಿಯ ಗೌರೀಶ್ವರ ದೇವಾಲಯದ ಮಹಾದ್ವಾರಕ್ಕೆ ಬಳೆ ಮಂಟಪವೆಂದು ಹೆಸರು; ಅದರ ಮೂಲೆಗಳಲ್ಲಿ ತೂಗುವ ಕಲ್ಲಿನ ಬಳೆಗಳ ಸರಪಣಿಯೇ ಆ ಹೆಸರಿಗೆ ಕಾರಣ. ಒಂದರೊಳಗೊಂದು ಸೇರಿದ ಕಲ್ಲಿನ ಬಳೆಗಳು! ಮಕ್ಕಳು ತಲೆಯೆತ್ತಿ ನೋಡುತ್ತಲೇ ನಿಲ್ಲುತ್ತಾರೆ.

ಬಳೆಯನ್ನು ಎದುರಿನಿಂದ ನೋಡಿದರೆ ಉಂಗುರ. ಪಕ್ಕದಿಂದ ನೋಡಿದರೆ ಒಂದು ಗೆರೆ. ಬಳೆಗಾರನ ಮಲಾರವನ್ನು ತುದಿಯಿಂದ ನೋಡಿದರೂ ಉಂಗುರವೇ, ಅದು ಮೊಳದುದ್ದದ ಕೊಳವೆಯಾಗಿದ್ದರೂ ಸಹ. ಆಕಾಶದ ಉಂಗುರ ನೀಹಾರಿಕೆಯು ನಮ್ಮನ್ನು ಹೀಗೆಯೇ ಬಹುಕಾಲ ಮರುಳು ಮಾಡಿತ್ತು. ಅದು ಚಪ್ಪಟೆಯಾದ ಉಂಗುರವಾಗಿರದೆ, ಪೀಪಾಯಿಯಂತಹ ವಸ್ತುವಾಗಿದ್ದು, ನಾವು ಅದರ ಬಾಯಿಯ ಕಡೆಯಿಂದ ನೋಡುತ್ತಿದ್ದೇವೆ. ಅದನ್ನೇ ಪಕ್ಕದಿಂದ ನೋಡುವಂತಿದ್ದರೆ ಬಹುಶಃ ಡಂಬೆಲ್ ನೀಹಾರಿಕೆಯಂತೆ ತೋರುತ್ತಿದ್ದಿತು. ಆಕಾಶದ ಆಕಾರಗಳಲ್ಲಿ ಅರ್ಧ ಆ ವಸ್ತುವಿನದು. ಉಳಿದರ್ಧ ನಾವು ನಿಂತ ಜಾಗದ್ದು.

ನಾವು ಅದರ ಸುತ್ತ ಪ್ರದಕ್ಷಿಣೆ ಬರಲಾರೆವು. ಆದರೂ ಮೂರನೆಯ ಅಳತೆಯನ್ನು ತಿಳಿಯಲು ಉಪಾಯವುಂಟು. ಬೆಟ್ಟದ ತಿರುವಿನಲ್ಲಿ ಎದುರು ಬರುವ ಬಸ್ಸಿನ ಹಾರ್ನು ಏರಿದ ಸ್ವರದಲ್ಲಿಯೂ, ದಾಟಿಹೋದ ಮೇಲೆ ಇಳಿದ ಸ್ವರದಲ್ಲಿಯೂ ಕೇಳಿಸುವಂತೆ, ನಮ್ಮ ಕಡೆಗೆ ಬರುವ ಅನಿಲದ ಬೆಳಕು ನೀಲಿಯತ್ತಲೂ ದೂರ ಸರಿಯುವುದರದು ಕೆಂಪಿನತ್ತಲೂ ತುಸು ಜರುಗುತ್ತದೆ. ನೀಹಾರಿಕೆಯ ಮುಂಭಾಗ ಬರುತ್ತಿದೆ, ಹಿಂಭಾಗ ಹೋಗುತ್ತಿದೆ. ಒಂದೇ ಗೆರೆ ಸೀಳಿ ಎರಡಾಗುತ್ತದೆ. ಆ ಸೀಳನ್ನು ಅಳೆದರೆ ಹಿಗ್ಗುವ ವೇಗ ಸಿಕ್ಕುತ್ತದೆ: ಸಾಮಾನ್ಯವಾಗಿ ಸೆಕೆಂಡಿಗೆ 20 ಕಿಲೋಮೀಟರಿನ ಆಸುಪಾಸು. ಕೊಳ್ಳೇಗಾಲದಿಂದ ಮಲೆಮಹದೇಶ್ವರ ಬೆಟ್ಟಕ್ಕೆ ಬಸ್ಸಿನಲ್ಲಿ ಎರಡು ಗಂಟೆಗೂ ಮೀರಿದ ದಾರಿಯನ್ನು ಅದು ನಾಲ್ಕು ಸೆಕೆಂಡಿನಲ್ಲಿ ಕ್ರಮಿಸೀತು. ಒಂದು ವರ್ಷಕ್ಕೆ ಸುಮಾರು 63 ಕೋಟಿ ಕಿಲೋಮೀಟರ್. ಈ ನಡಿಗೆಯಲ್ಲಿ ಹತ್ತು ಸಾವಿರ ವರ್ಷ ಕಳೆದರೂ ಚಿಪ್ಪು ನಡುವಿನಿಂದ ಒಂದು ಜ್ಯೋತಿರ್ವರ್ಷದ ಮೂರರಲ್ಲಿ ಎರಡು ಪಾಲು ಮಾತ್ರ ಸರಿದಿರುತ್ತದೆ. ಹತ್ತಿರದ ಕೆಲವು ನೀಹಾರಿಕೆಗಳ ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಒಂದರ ಮೇಲೊಂದಿಟ್ಟು ನೋಡಿದರೆ ಅವು ಹಿಗ್ಗಿರುವುದು ಕಣ್ಣಿಗೇ ಕಾಣುತ್ತದೆ. ಮನುಷ್ಯನ ಒಂದು ಆಯುಸ್ಸಿನೊಳಗೆ ಬೆಳೆಯುವ ಆಕಾಶವಸ್ತುಗಳು ಬಹಳವಿಲ್ಲ. ಇವು ಅವುಗಳಲ್ಲಿ ಸೇರಿವೆ.

ಯಳಂದೂರಿನಿಂದ ಮುಂದೆ ದಾರಿ ಬಿಳಿಗಿರಿರಂಗನ ಬೆಟ್ಟವನ್ನು ಏರುತ್ತದೆ. ಸೋಲಿಗರ ಹಾಡಿಗಳು, ಪೂಜೆಗೊಳ್ಳುವ ದೊಡ್ಡ ಸಂಪಿಗೆಯ ಮರ, ಬಂಡೆಯ ಅಂಚಿನಲ್ಲಿ ನಿಂತ ರಂಗನಾಥನ ಗುಡಿ, ಇವನ್ನು ವರ್ಣಿಸಿದವರು ಬಹಳ ಮಂದಿ. 2011ರಿಂದ ಇದು ಹುಲಿ ರಕ್ಷಿತಾರಣ್ಯ. ರಾತ್ರಿಯ ಸಂಚಾರಕ್ಕೆ ಅರಣ್ಯ ಇಲಾಖೆಯ ನಿರ್ಬಂಧವುಂಟು. ಹುಲಿಗಾಗಿ ಉಳಿಸಿದ ಈ ಕಾಡು, ಯಾರೂ ಉದ್ದೇಶಿಸದೆ, ಕತ್ತಲೆಯನ್ನೂ ಉಳಿಸಿಕೊಟ್ಟಿದೆ.

ಚಂದ್ರಮಂಡಲದ ಬೆಳಕು

ಮೂರನೆಯ ಪಾಠ ಈ ಸೀಮೆಯ ಚಿಕ್ಕಲ್ಲೂರಿನದು. ಬನದ ಹುಣ್ಣಿಮೆಯ ರಾತ್ರಿ ಇಲ್ಲಿ ಸಿದ್ಧಪ್ಪಾಜಿಯ ಜಾತ್ರೆಯು ಚಂದ್ರಮಂಡಲವನ್ನು ಹೊತ್ತಿಸುವುದರೊಡನೆ ಮೊದಲಾಗುತ್ತದೆ. ಬಿದಿರಿನಿಂದ ಕಟ್ಟಿ ಬಟ್ಟೆ ಸುತ್ತಿದ ಆಕೃತಿಗೆ ಬೆಂಕಿ ತಾಕಿದೊಡನೆ ಅಷ್ಟು ಹೊತ್ತು ಕತ್ತಲೆಯಲ್ಲಿ ಇದ್ದೂ ಇಲ್ಲದಂತಿದ್ದ ಆಕಾರವು ಒಮ್ಮೆಲೆ ಜನಸಾಗರದ ಮುಂದೆ ಬೆಳಗುತ್ತದೆ. ಉರಿ ಯಾವ ದಿಕ್ಕಿಗೆ ಹೆಚ್ಚಾಗಿ ಉರಿಯಿತೋ ಆ ದಿಕ್ಕಿನ ಸೀಮೆಗೆ ಮಳೆಬೆಳೆ ಚೆನ್ನಾಗಿ ಆಗುವುದೆಂದು ಜನರ ನಂಬಿಕೆ.

ನೀಹಾರಿಕೆಯಲ್ಲಿಯೂ ಕಟ್ಟುವುದು ಮೊದಲು, ಬೆಳಗುವುದು ಆಮೇಲೆ. ಮಂದಮಾರುತವು ಹೊರಟು ಸಾವಿರಾರು ವರ್ಷಗಳವರೆಗೆ ಅದರ ಅನಿಲಕ್ಕೆ ಸ್ವಂತ ಬೆಳಕಿಲ್ಲ. ನಡುವಿನ ತಿರುಳಿನ ಶಾಖವು ಸುಮಾರು 30,000 ಡಿಗ್ರಿಯನ್ನು ಮುಟ್ಟಿದಾಗ ಅದರಿಂದ ನೇರಳಾತೀತ ಕಿರಣಗಳು ಧಾರಾಳವಾಗಿ ಹೊರಟು ಅನಿಲದ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತುಹಾಕುತ್ತವೆ. ಆಗ ಗೂಡು ಹೊಳೆಯತೊಡಗುತ್ತದೆ. ಕೆಲವು ತಿರುಳುಗಳ ಶಾಖ ಒಂದೆರಡು ಲಕ್ಷ ಡಿಗ್ರಿಗೂ ಏರುವುದುಂಟು. ಹಾಗೆಂದ ಮೇಲೆ ಹೊತ್ತಿಕೊಂಡಷ್ಟು ಮಾತ್ರವೇ ನಮ್ಮ ಕಣ್ಣಿಗೆ ಬೀಳುತ್ತದೆಯೆಂದಾಯಿತು. ಅದರಾಚೆಗೆ ಹೊತ್ತಿಕೊಳ್ಳದ ಹಳೆಯ ಪದರಗಳು ಇನ್ನೂ ಇರಬಹುದು.

ಇರುವುದನ್ನು ತೋರಿಸಿಕೊಟ್ಟವರು ನಮ್ಮ ನಾಡಿನವರೇ ಎಂಬುದು ಸಂತೋಷದ ಸಂಗತಿ. 2015ರ ಸೆಪ್ಟೆಂಬರ್ 28ರಂದು ಭಾರತವು ಆಸ್ಟ್ರೋಸ್ಯಾಟ್ ಎಂಬ ಉಪಗ್ರಹವನ್ನು ಹಾರಿಸಿತು. ಅದರಲ್ಲಿನ ನೇರಳಾತೀತ ದೂರದರ್ಶಕವನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ತಮ್ಮ ಹೊಸಕೋಟೆಯ ಕೇಂದ್ರದಲ್ಲಿ ಜೋಡಿಸಿ ಸಿದ್ಧಪಡಿಸಿದ್ದರು. 2018ರಲ್ಲಿ ಆ ಸಂಸ್ಥೆಯ ಎನ್. ಕಾಮೇಶ್ವರ ರಾವ್ ಮತ್ತು ಅವರ ಸಂಗಡಿಗರು ಎರಡು ನೀಹಾರಿಕೆಗಳ ಚಿತ್ರಗಳನ್ನು ಪ್ರಕಟಿಸಿದರು. ಒಂದು ಎನ್.ಜಿ.ಸಿ. 40, ಅದರ ತಿಳಿದಿದ್ದ ದೇಹದ ಸುತ್ತ, ಹಿಂದೆ ಯಾರೂ ಕಾಣದಿದ್ದ ನೇರಳಾತೀತದ ಪ್ರಭಾವಳಿ ಕಂಡುಬಂದಿತು. ಇನ್ನೊಂದು ವೃಶ್ಚಿಕ ರಾಶಿಯ ಚಿಟ್ಟೆ ನೀಹಾರಿಕೆ, ಎನ್.ಜಿ.ಸಿ. 6302, ಲೋಕಪ್ರಸಿದ್ಧವಾದ ಅದರ ರೆಕ್ಕೆಗಳಾಚೆಗೂ ಬಹುದೂರ ಚಾಚಿದ ಮಸುಕಾದ ಹಾಲೆಗಳಿರುವುದು ತಿಳಿಯಿತು. ಇವು ಬಹಳ ಹಿಂದೆ ನಕ್ಷತ್ರ ಬಿಟ್ಟ ತಣ್ಣನೆಯ ಜಲಜನಕದ ಅಣುಗಳೆಂದು ಅವರು ವಿವರಿಸಿದರು. ಗೂಡಿನ ಹೊರಗಿನ ಸಡಿಲವಾದ ನೂಲು ಹೀಗೆ ಕೈಗೆ ಸಿಕ್ಕಿತು.

ಇದೇ ಸಂಸ್ಥೆಯ ಕವಲೂರು ವೀಕ್ಷಣಾಲಯವೂ ನಮ್ಮ ಬೆಟ್ಟಗಳಿಗೆ ಪೂರ್ವದಲ್ಲಿ, ತಮಿಳುನಾಡಿನ ಜವಾದಿ ಬೆಟ್ಟಗಳಲ್ಲಿದೆ. 1960ರ ದಶಕದಲ್ಲಿ ವೇಣು ಬಾಪು ಅವರು ಆರಿಸಿದ ಸ್ಥಳವದು. 1986ರಲ್ಲಿ ಅಲ್ಲಿಯ 2.34 ಮೀಟರಿನ ದೂರದರ್ಶಕಕ್ಕೆ ಅವರ ಹೆಸರನ್ನೇ ಇಡಲಾಯಿತು. ಬೆಟ್ಟ, ಕಾಡು, ಕತ್ತಲೆ, ದಕ್ಷಿಣದ ಆಕಾಶವೂ ಚೆನ್ನಾಗಿ ಕಾಣುವ ಅಕ್ಷಾಂಶ: ಅಲ್ಲಿ ಇರುವುದರಲ್ಲಿ ಬಹುಪಾಲು ಹನೂರಿನ ಮಲೆಗಳಲ್ಲಿಯೂ ಇದೆ.

ಅಮಾವಾಸ್ಯೆಯ ಬೆಟ್ಟ

ಹನೂರನ್ನು ಬಿಟ್ಟು ಮುಂದೆ ಹೋದರೆ ತಾಳಬೆಟ್ಟ, ಅಲ್ಲಿಂದ ಏರುದಾರಿ. ಎಪ್ಪತ್ತೇಳು ಮಲೆಗಳ ಒಡೆಯನೆಂದು ಮಾದಪ್ಪನಿಗೆ ಬಿರುದು. ಭಕ್ತರು ಹೆಚ್ಚಾಗಿ ಸೇರುವುದು ಅಮಾವಾಸ್ಯೆಗೆ. ಶಿವರಾತ್ರಿ, ಯುಗಾದಿ, ದೀಪಾವಳಿಗಳ ಜಾತ್ರೆಗಳೂ ಚಂದ್ರನಿಲ್ಲದ ರಾತ್ರಿಗಳನ್ನೇ ಹಿಡಿದು ಬರುತ್ತವೆ. ನಕ್ಷತ್ರ ನೋಡುವವನ ಪಂಚಾಂಗವೂ ಇದೇ. ಆದುದರಿಂದ ಬೆಟ್ಟಕ್ಕೆ ಹೊರಟ ಸಂಸಾರವು ಒಂದು ಸಾಧಾರಣ ದುರ್ಬೀನನ್ನು ಜೊತೆಯಲ್ಲಿಟ್ಟುಕೊಂಡರೆ ಹೆಚ್ಚಿನ ವೆಚ್ಚವಿಲ್ಲದೆ ಎರಡು ಪುಣ್ಯ. ಕಾಡಿನ ದಾರಿಯಲ್ಲಿ ನಿಲ್ಲುವುದು ಸಲ್ಲದು. ತಂಗುವ ಸ್ಥಳದಲ್ಲಿಯೇ ದೀಪಗಳಿಂದ ಮರೆಯಾದ ಒಂದು ಮೂಲೆಯನ್ನು ಹುಡುಕಿಕೊಂಡು, ಕಣ್ಣು ಕತ್ತಲೆಗೆ ಹೊಂದಲು ಅರ್ಧ ಗಂಟೆ ಬಿಡಬೇಕು.

ದೀಪಾವಳಿಯ ಹೊತ್ತಿಗೆ ಮೋಡವಿಲ್ಲದಿದ್ದರೆ, ಸಂಜೆ ಏಳೂವರೆಗೆ ವಾಯವ್ಯದಲ್ಲಿ ಅಭಿಜಿತ್ ನಕ್ಷತ್ರ ಬೆಳ್ಳಗೆ ಹೊಳೆಯುತ್ತಿರುತ್ತದೆ. ಅದರ ಪಕ್ಕದಲ್ಲಿ ನಾಲ್ಕು ಸಣ್ಣ ನಕ್ಷತ್ರಗಳ ಓರೆ ಚೌಕ. ಅಭಿಜಿತ್‌ಗೆ ದೂರವಾದ ಎರಡರ ನಡುವೆ ಉಂಗುರ ನೀಹಾರಿಕೆ ಇದೆ. ದುರ್ಬೀನಿನಲ್ಲಿ ಅದು ನಕ್ಷತ್ರದಂತೆಯೇ ತೋರುತ್ತದೆ. ಮೂರು ನಾಲ್ಕು ಅಂಗುಲದ ದೂರದರ್ಶಕವಿದ್ದರೆ ಹೊಗೆಯ ಪುಟ್ಟ ಉಂಗುರ ಕಾಣುತ್ತದೆ. ಅದಕ್ಕಿಂತ ಮೇಲೆ, ಶ್ರವಣದ ಹತ್ತಿರ, ಬಾಣದ ಆಕಾರದ ಪುಟ್ಟ ನಕ್ಷತ್ರಪುಂಜವನ್ನು ಗುರುತಿಸಿ ಅದರ ತುದಿಯಿಂದ ತುಸು ಉತ್ತರಕ್ಕೆ ಸರಿದರೆ ಡಂಬೆಲ್ ನೀಹಾರಿಕೆ. ಇದು ಒಳ್ಳೆಯ ಕತ್ತಲೆಯಲ್ಲಿ ದುರ್ಬೀನಿಗೂ ಮಂಜಿನ ಕಲೆಯಾಗಿ ದಕ್ಕುತ್ತದೆ. ಶಿವರಾತ್ರಿಯ ಜಾಗರಣೆಯವರಿಗೆ ನಡುರಾತ್ರಿಯ ಹೊತ್ತಿಗೆ ದಕ್ಷಿಣದಲ್ಲಿ ಎತ್ತರವಾಗಿ ಎನ್.ಜಿ.ಸಿ. 3242 ಇರುತ್ತದೆ. ಗುರುಗ್ರಹದ ಭೂತವೆಂದು ಅದರ ಅಡ್ಡಹೆಸರು. ಸಣ್ಣ ದೂರದರ್ಶಕದಲ್ಲಿ ತಿಳಿನೀಲಿಯ ಬಿಲ್ಲೆಯಂತೆ ಕಾಣುವ ಅದನ್ನು ನೋಡಿದರೆ ಹರ್ಷೆಲನು ಗ್ರಹದ ಹೆಸರನ್ನೇಕೆ ಇಟ್ಟನೆಂಬುದು ಒಡನೆ ಅರ್ಥವಾಗುತ್ತದೆ. ಚಿತ್ರಗಳ ಬಣ್ಣಬೆಡಗನ್ನು ನಿರೀಕ್ಷಿಸಬಾರದು. ಕಾಣುವುದು ಒಂದು ಮಬ್ಬು. ಆದರೆ ಆ ಮಬ್ಬು ಚಿತ್ರವಲ್ಲ. ಸಾವಿರಾರು ವರ್ಷಗಳ ಹಿಂದೆ ಹೊರಟು ನೇರವಾಗಿ ನಮ್ಮ ಕಣ್ಣಿಗೆ ಬಂದ ಬೆಳಕು.

ಗೂಡು ಚದರಿದ ಮೇಲೆ

ಹೋಲಿಕೆ ಎಲ್ಲ ಕಡೆಯೂ ಒಪ್ಪುವುದಿಲ್ಲ. ರೇಷ್ಮೆಯ ಗೂಡು ಕೈಯಲ್ಲಿ ಉಳಿಯುತ್ತದೆ, ಒಳಗಿನ ಹುಳು ಬಿಸಿನೀರಿನಲ್ಲಿ ಸಾಯುತ್ತದೆ. ನಕ್ಷತ್ರದ ಸಂಗತಿ ತದ್ವಿರುದ್ಧ: ಗೂಡು ಹಿಗ್ಗುತ್ತ ಹಿಗ್ಗುತ್ತ ತೆಳುವಾಗಿ, ಹತ್ತಿಪ್ಪತ್ತು ಸಾವಿರ ವರ್ಷಗಳಲ್ಲಿ ಚದರಿ ಕಾಣದಾಗುತ್ತದೆ, ಒಳಗಿನ ತಿರುಳು ಭೂಮಿಯಷ್ಟೇ ಗಾತ್ರದ ಶ್ವೇತ ಕುಬ್ಜವಾಗಿ, ಕೋಟ್ಯನುಕೋಟಿ ವರ್ಷ ಆರುತ್ತ ಉಳಿಯುತ್ತದೆ. ಅಂತಹ ಕುಬ್ಜದ ತೂಕ ಸೂರ್ಯನ ಸುಮಾರು 1.4 ಪಾಲನ್ನು ಮೀರಲಾರದೆಂಬ ಮಿತಿಗೆ, 1930ರಲ್ಲಿ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುತ್ತಿದ್ದಾಗ ಆ ಲೆಕ್ಕವನ್ನು ಮೊದಲು ಮಾಡಿದ ತರುಣ ಚಂದ್ರಶೇಖರ್ ಅವರ ಹೆಸರೇ ಇದೆ.

ನಮ್ಮ ಸೂರ್ಯನಿಗೂ ಒಂದು ದಿನ ಇದೇ ಗತಿ. ಅದಕ್ಕೆ ಇನ್ನೂ ಸುಮಾರು 500 ಕೋಟಿ ವರ್ಷಗಳಿವೆ. ಅವನಿಗೆ ನಕ್ಷತ್ರ ಸಂಗಾತಿಯಿಲ್ಲ. ಆದುದರಿಂದ ಅವನು ಕಟ್ಟುವ ಗೂಡು ಚಿಟ್ಟೆಯಂತೆ ಬೆಡಗಿನದಾಗದೆ ಸಾದಾ, ಮಂಕು ಗುಂಡಾಗುವ ಸಂಭವವೇ ಹೆಚ್ಚು. ಕಣ್ಣಿಗೆ ಕಾಣುವಷ್ಟಾದರೂ ಬೆಳಗೀತೆ ಎಂಬ ಸಂಶಯವಿತ್ತು. ಮಸುಕಾಗಿಯಾದರೂ ಬೆಳಗೀತು ಎಂದು 2018ರಲ್ಲಿ ಪ್ರಕಟವಾದ ಒಂದು ಗಣನೆ ಹೇಳಿತು.

ಇದನ್ನು ಕೇಳಿ ದುಃಖಿಸಬೇಕಾದುದಿಲ್ಲ. ಇಂತಹ ಮುದಿ ನಕ್ಷತ್ರಗಳು ತಮ್ಮೊಡಲಿನಲ್ಲಿ ಪಾಕ ಮಾಡಿದ ಇಂಗಾಲವನ್ನೂ ಸಾರಜನಕವನ್ನೂ ಈ ಮಾರುತಗಳ ಮೂಲಕವೇ ಆಕಾಶಕ್ಕೆ ಹಂಚುತ್ತವೆ. ಆ ದ್ರವ್ಯವು ಬೇರೆ ಮೋಡಗಳಲ್ಲಿ ಬೆರೆತು, ಹೊಸ ನಕ್ಷತ್ರಗಳಾಗಿ, ಅವುಗಳ ಸುತ್ತಿನ ಭೂಮಿಗಳಾಗಿ ಮತ್ತೆ ಕೂಡುತ್ತದೆ. ಹಿಪ್ಪುನೇರಳೆಯ ಎಲೆಯಲ್ಲಿರುವ ಇಂಗಾಲ, ಆ ಎಲೆಯನ್ನು ತಿಂದು ಹುಳು ಬಿಡುವ ನೂಲಿನ ಸಾರಜನಕ, ಇವುಗಳಲ್ಲಿ ದೊಡ್ಡ ಪಾಲು ಸೂರ್ಯ ಹುಟ್ಟುವುದಕ್ಕೂ ಮೊದಲು ಚದರಿಹೋದ ಯಾವುಯಾವುದೋ ನಕ್ಷತ್ರಗಳ ಗೂಡುಗಳಿಂದ ಬಂದದ್ದು. ಕೊಳ್ಳೇಗಾಲದ ಅಂಗಡಿಯಲ್ಲಿ ಮಡಿಕೆ ಬಿಚ್ಚಿ ತೋರಿಸುವ ರೇಷ್ಮೆ ಸೀರೆ ಅಷ್ಟು ಹಳೆಯ ನೂಲಿನದು.

ಆತಂಕಪಡಬೇಕಾದ ಸಂಗತಿ ಬೇರೆಯದು. ಸೂರ್ಯನಿಗೆ 500 ಕೋಟಿ ವರ್ಷಗಳಿವೆ. ಈ ಬೆಟ್ಟಗಳ ಕತ್ತಲೆಗೆ ಅಷ್ಟು ಆಯುಸ್ಸಿಲ್ಲ. ಊರುಗಳು ಬೆಳೆಯುತ್ತಿವೆ, ಬಿಳಿಯ ಪ್ರಖರ ದೀಪಗಳು ನೆಲಕ್ಕೆ ಎಷ್ಟೋ ಅಷ್ಟೇ ಆಕಾಶಕ್ಕೂ ಬೆಳಕು ಚೆಲ್ಲುತ್ತಿವೆ. ಇದಕ್ಕೆ ಪರಿಹಾರ ಕಷ್ಟದ್ದಲ್ಲ: ದೀಪಕ್ಕೆ ಮೇಲೊಂದು ಮುಚ್ಚಳ, ಹಳದಿಯ ಸೌಮ್ಯ ಬೆಳಕು, ಬೇಡದ ಹೊತ್ತಿನಲ್ಲಿ ಆರಿಸುವ ಅಭ್ಯಾಸ. 2022ರಲ್ಲಿ ಲಡಾಖಿನ ಹಾನ್ಲೆಯ ಸುತ್ತ ಕತ್ತಲೆಯ ಆಕಾಶಕ್ಕೆಂದೇ ರಕ್ಷಿತ ಪ್ರದೇಶವೊಂದು ಏರ್ಪಟ್ಟಿತು. 2024ರಲ್ಲಿ ಮಹಾರಾಷ್ಟ್ರದ ಪೆಂಚ್ ಹುಲಿ ರಕ್ಷಿತಾರಣ್ಯಕ್ಕೂ ಅಂತಹ ಮನ್ನಣೆ ದೊರಕಿತು. ಹುಲಿ ಇರುವಲ್ಲಿ ನಕ್ಷತ್ರವನ್ನೂ ಕಾಯಬಹುದೆಂದು ಅಲ್ಲಿಯವರು ತೋರಿಸಿದ್ದಾರೆ. ಬಿಳಿಗಿರಿರಂಗನ ಬೆಟ್ಟವೂ ಮಲೆಮಹದೇಶ್ವರನ ಕಾಡೂ ಅದಕ್ಕೆ ಯಾವ ವಿಧದಲ್ಲಿಯೂ ಕಡಮೆಯಲ್ಲ.

ಬರುವ ಅಮಾವಾಸ್ಯೆಗೆ ಬೆಟ್ಟಕ್ಕೆ ಹೋಗುವವರು ಮಾದಪ್ಪನಿಗೆ ಉಘೇ ಎಂದ ಮೇಲೆ ಮಕ್ಕಳ ಕೈಹಿಡಿದು ಒಂದಿಷ್ಟು ಕತ್ತಲೆಗೆ ನಡೆದು, ತಲೆಯೆತ್ತಿ ನೋಡಲಿ. ಮಬ್ಬಿನ ಆ ಪುಟ್ಟ ಗೂಡು ಹಿಗ್ಗುತ್ತಲೇ ಇರುತ್ತದೆ. ಅವರು ನೋಡುತ್ತಿರುವ ಒಂದು ನಿಮಿಷದಲ್ಲಿ ಇನ್ನೊಂದು ಸಾವಿರದ ಇನ್ನೂರು ಕಿಲೋಮೀಟರ್.